ಮೂಲ ಎಕರೆ

ನನ್ನ ಮೇಜಿನ ಮೇಲೆ ಅರ್ಧ ಜಿಲ್ಲೆ ಮಲಗಿದೆ,
ವಿಮಾನದಿಂದ ತೆಗೆದ ಕಪ್ಪು ಬಿಳುಪು ಹಾಳೆಗಳಲ್ಲಿ.
ಯಾರದು ಎಲ್ಲಿಗೆ ಮುಗಿಯಿತೆಂದು ಕೆಂಪು ಪೆನ್ಸಿಲಿನ ಗೆರೆ.
ಇಪ್ಪತ್ತಾರು ವರ್ಷದಿಂದ ಇದೇ ಕುರ್ಚಿ.
ಹಣ ಕೊಡುವವಳು ನಾನಲ್ಲ,
ಹಣಕ್ಕೆ ವಿಳಾಸ ಬರೆಯುವವಳು.

ಟೆಕ್ಸಸ್ಸಿನ ಈ ತುದಿಯಲ್ಲಿ ನೆಲ ಹಲಗೆಯ ಹಾಗೆ ಚಪ್ಪಟೆ.
ಕಡಲು ನಲವತ್ತು ಮೈಲಿ. ಗೇಣಗಲ ಅಗೆದರೆ ಜೇಡಿ,
ನಿಲ್ಲು ಎಂದರೆ ನೀರು ನಿಂತೇ ಇರುತ್ತದೆ.
ಅದಕ್ಕೇ ನಮ್ಮ ಮುತ್ತಜ್ಜಂದಿರು,
ಬೊಹೇಮಿಯಾದ ಕರಿ ರೊಟ್ಟಿ ತಿಂದು ಬೆಳೆದವರು,
ಅನ್ನ ಬೇಯಿಸುವುದು ಕಲಿಯುವ ಮೊದಲೇ
ಭತ್ತ ಬಿತ್ತಲು ಕಲಿತರು.

ಈಗಿನ ನಿಯಮ ಹೀಗಿದೆ, ನಗಬೇಡಿ:
ಒಂದಾನೊಂದು ಕಾಲಕ್ಕೆ ಯಾವ ಎಕರೆಯಲ್ಲಿ ಭತ್ತವಿತ್ತೋ
ಆ ಎಕರೆಗೆ ಭತ್ತದ ಹಣ.
ಇವತ್ತು ಅಲ್ಲಿ ಹುಲ್ಲಿರಲಿ, ಕತ್ತೆಯಿರಲಿ,
ಏನೂ ಇಲ್ಲದೆ ಗಾಳಿಯೊಂದೇ ಇರಲಿ,
ಭತ್ತದ ಹಣ.
ಅಂಥ ಎಕರೆಗೆ ಮೂಲ ಎಕರೆ ಎಂದು ಹೆಸರು.
ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರಲ್ಲ,
ಈ ಕುಡಿಕೆ ಪ್ರತಿ ಅಕ್ಟೋಬರಿಗೆ ತಾನೇ ತುಂಬಿಕೊಳ್ಳುತ್ತದೆ.

ವಿಟ್‌ಲೋ ಜಮೀನು, ನಾನೂರ ಹನ್ನೆರಡು ಎಕರೆ.
ಒಡತಿ ಹ್ಯೂಸ್ಟನ್ನಿನಲ್ಲಿ, ಹದಿನೇಳನೆಯ ಮಹಡಿಯಲ್ಲಿ.
ಫೋನಿನಲ್ಲಿ ಮರ್ಯಾದೆಯ ಹೆಂಗಸು,
ನನ್ನ ಮೊಣಕಾಲ ನೋವು ಕೇಳದೆ ಫೋನಿಡುವುದಿಲ್ಲ.
ಮೂವತ್ತೊಂದು ವರ್ಷ ಅದನ್ನು ಪಾಲಿಗೆ ಮಾಡಿದವನು
ಅಲೋಯ್ಸ್ ಕುಬೇನಾ.
ಬೆಳೆಯದಿದ್ದರೂ ಹಣ ಬರುತ್ತದೆಂದು ತಿಳಿದ ವರ್ಷ
ಅವನಿಗೊಂದು ಕಾಗದ ಬಂತು, ಒಳ್ಳೆಯ ದಪ್ಪ ಕಾಗದ:
ನಿಮ್ಮ ಸೇವೆಗೆ ಕೃತಜ್ಞತೆಗಳು.

ಆಮೇಲೆ ಭತ್ತ ಒಣಗಿಸುವ ಮಿಲ್ಲು ನಿಂತಿತು.
ಆಕಾಶದಿಂದ ಬೀಜ ಚೆಲ್ಲುತ್ತಿದ್ದ ಹಳದಿ ವಿಮಾನ
ಅರ್ಕಾನ್ಸಾಸಿನವರಿಗೆ ಮಾರಾಟವಾಯಿತು.
ಪಂಪು ರಿಪೇರಿಯವನು, ಚೀಲ ಹೊಲಿಯುವವಳು,
ನಸುಕಿಗೇ ಬಾಗಿಲು ತೆರೆದು ಮೊಟ್ಟೆ ಕರಿಯುತ್ತಿದ್ದ ಹೋಟೆಲು.
ಅವರ ಹೆಸರಿಗೆ ನನ್ನ ಹಾಳೆಗಳಲ್ಲಿ ಕಾಲಮ್ಮಿಲ್ಲ.
ಅವರು ಯಾರೂ ಎಕರೆಯಾಗಿರಲಿಲ್ಲ.

ಮೊನ್ನೆ ಅಲೋಯ್ಸ್ ಬಂದ. ಈಗ ಶಾಲೆಯ ಬಸ್ಸು ಓಡಿಸುತ್ತಾನೆ.
ಚೆಕ್ಕು ಕೇಳಲು ಬಂದವನಲ್ಲ.
ಎಂಬತ್ತೇಳರ ಫೋಟೋದ ನಕಲು ಸಿಗುತ್ತದಾ ಎಂದ.
ಹುಡುಕಿ ಹಾಸಿದೆ.

ಬದುಗಳು.
ಸುತ್ತಿ, ಬಳುಕಿ, ಮತ್ತೆ ಸುತ್ತಿ,
ನೀರಿನ ಮಟ್ಟ ನೋಡಿ ನೋಡಿ ಕಟ್ಟಿದ ಬದುಗಳು,
ಆಕಾಶದಿಂದ ಕಂಡರೆ ಥೇಟ್ ಹೆಬ್ಬೆಟ್ಟಿನ ಗುರುತು.
ಅವನು ತನ್ನ ಬೆರಳನ್ನು ಅದರ ಮೇಲೆ ಓಡಿಸಿದ.
ಇಲ್ಲಿ ಸೋರುತ್ತಿತ್ತು, ಎಷ್ಟು ಮುಚ್ಚಿದರೂ.
ಇಲ್ಲಿ ನನ್ನ ಮಗಳ ಬೂಟು ಹೂತುಹೋಯಿತು,
ಒಂದೇ ಒಂದು ಬೂಟು, ಇನ್ನೊಂದನ್ನು ಏನು ಮಾಡುವುದು.
ಈ ಮೂಲೆಯಲ್ಲಿ ಮೊಸಳೆ ಮಲಗುತ್ತಿತ್ತು,
ನಾನು ಅದನ್ನು ಬಳಸಿ ಹೋಗುತ್ತಿದ್ದೆ, ಅದು ನನ್ನನ್ನು.

ಅವನ ದನಿಯಲ್ಲಿ ದೂರಿರಲಿಲ್ಲ.
ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ನಕಲಿಗೆ ಮೂರು ಡಾಲರು.
ಬೇಡವೆನ್ನಲು ಬಾಯಿ ತೆರೆದೆ; ಅಷ್ಟರಲ್ಲಿ ಅವನು
ಮೂರು ನೋಟು ಎಣಿಸಿ, ಮಡಿಕೆ ಬಿಡಿಸಿ ಇಟ್ಟಿದ್ದ.
ರಸೀದಿ ಕೊಟ್ಟೆ. ಮೊಹರು ಹಾಕಿದೆ.

ಅದೇ ಮಧ್ಯಾಹ್ನ ಹದಿನೇಳನೆಯ ಮಹಡಿಯ ಹಣ ಹೊರಟಿತು.
ಈ ವರ್ಷದ ಬೆಳೆ: ಇಲ್ಲ.
ಹಣ ಸಲ್ಲುವ ಬೆಳೆ: ಭತ್ತ.

ಮನೆಗೆ ಹೋಗುವ ದಾರಿಯಲ್ಲಿ ವಿಟ್‌ಲೋ ಬೇಲಿ.
ಕಾರು ನಿಲ್ಲಿಸಿದೆ, ಯಾಕೋ.
ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ
ಹುಲ್ಲಿನಡಿ ಆ ಬದುಗಳು ಇನ್ನೂ ಏಳುತ್ತವೆ,
ಹತ್ತು ನಿಮಿಷ, ಹೆಚ್ಚೆಂದರೆ.
ಉತ್ತರದಿಂದ ಬಂದ ಬಿಳಿ ಹೆಬ್ಬಾತುಗಳ ಹಿಂಡು
ತಲೆಯ ಮೇಲೆ ಎರಡು ಸುತ್ತು ಹಾಕಿತು.
ಅವುಗಳ ಲೆಕ್ಕದಲ್ಲೂ ಇದು ಗದ್ದೆಯೇ ಇರಬೇಕು.
ಕೆಳಗೆ ನೋಡಿದವು, ಕೂಗಿದವು,
ನೀರು ಕಾಣದೆ
ಮುಂದಕ್ಕೆ ಹೋದವು.